ಖಾಲಿ ಜಾಗದಲ್ಲಿ ನಕ್ಷತ್ರ ಹೇಗೆ ಹುಟ್ಟುತ್ತೆ ಅಂತ ಕೇಳುವವರಿಗೆ

"ಮೇಲೆ ಎಲ್ಲಾ ಖಾಲಿ ಅಲ್ವಾ, ಮತ್ತೆ ನಕ್ಷತ್ರ ಯಾವುದರಿಂದ ಆಗುತ್ತೆ?" ಶಿವಮೊಗ್ಗದ ಸುತ್ತ ನಾನು ಟೆಲಿಸ್ಕೋಪ್ ಇಟ್ಟಲ್ಲೆಲ್ಲ ಈ ಪ್ರಶ್ನೆ ಬರುತ್ತದೆ. ಬಾಯಲ್ಲಿ ಹೇಳಿ ಸಾಕಾಗಿದೆ. ಖಾಲಿ ಇಲ್ಲ ಸ್ವಾಮಿ. ಹೈಡ್ರೋಜನ್ ಇದೆ, ಹೀಲಿಯಂ ಇದೆ, ಚೂರು ಧೂಳೂ ಇದೆ.

ತೀರ್ಥಹಳ್ಳಿ ಕಡೆ ಒಂದು ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದಾಗ ಒಬ್ಬರು ಇದನ್ನೇ ಕೇಳಿ, ನಾನು ಬಾಯಿ ಬಿಡುವ ಮೊದಲೇ "ಏನೂ ಇಲ್ಲದೆ ಏನಾದ್ರೂ ಹುಟ್ಟುತ್ತಾ, ಸುಮ್ನೆ ಕಥೆ" ಅಂತ ತೀರ್ಪನ್ನೂ ಕೊಟ್ಟರು. ಸಿಟ್ಟು ಬಂದದ್ದು ಅದಕ್ಕೆ. ಮೆಟ್ಟುಗತ್ತಿ ಪಕ್ಕ ಬಿದ್ದಿದ್ದ ಸುಲಿದ ಅಡಿಕೆ ಒಂದನ್ನು ಎತ್ತಿ ತೋರಿಸಿದೆ. ಇಷ್ಟು ಜಾಗದ ಗಾಳಿಯಲ್ಲಿ ಲಕ್ಷ ಕೋಟಿ ಕೋಟಿಗೂ ಜಾಸ್ತಿ ಕಣಗಳಿವೆ. ನಕ್ಷತ್ರಗಳ ನಡುವೆ ಇಷ್ಟೇ ಜಾಗದಲ್ಲಿ ಸರಾಸರಿ ನಾಲ್ಕೈದು ಪರಮಾಣು. ಅವರು ನಕ್ಕರು. ಆದರೆ ಜಾಗ ಎಷ್ಟಿದೆ ಅನ್ನೋದನ್ನು ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ. ಘನ ಸೆಂಟಿಮೀಟರಿಗೆ ಒಂದೇ ಪರಮಾಣು ಇದ್ದರೂ, ಉದ್ದ, ಅಗಲ, ಎತ್ತರ ಎಲ್ಲಾ 11 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ) ಇರುವ ಜಾಗದಲ್ಲಿ ಹೆಚ್ಚುಕಮ್ಮಿ ಒಂದು ಸೂರ್ಯನ ತೂಕದಷ್ಟು ಹೈಡ್ರೋಜನ್ ಸಿಗುತ್ತದೆ.

ನೀವು ಕೇಳಬೇಕಾದ್ದು ಬೇರೆ. ಇಷ್ಟೊಂದು ಗ್ಯಾಸ್ ಇದ್ದೂ ನಕ್ಷತ್ರಗಳು ಯಾಕೆ ಇಷ್ಟು ಕಡಿಮೆ ಹುಟ್ಟುತ್ತವೆ? ನಮ್ಮ ಗ್ಯಾಲಕ್ಸಿಯಾದ ಕ್ಷೀರಪಥ ಪೂರ್ತಿ ಸೇರಿದರೂ ವರ್ಷಕ್ಕೆ ಒಂದೆರಡು ಸೂರ್ಯನಷ್ಟು ಗ್ಯಾಸ್ ಮಾತ್ರ ನಕ್ಷತ್ರವಾಗುತ್ತದೆ. ಗುರುತ್ವ ಗ್ಯಾಸನ್ನು ಒಳಗೆ ಎಳೆಯುತ್ತದೆ, ಗ್ಯಾಸಿನ ಬಿಸಿ ಹೊರಗೆ ತಳ್ಳುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಜೀನ್ಸ್ 1902ರಲ್ಲೇ ಇದರ ಲೆಕ್ಕ ಹಾಕಿದ್ದರು. ಗುರುತ್ವ ಗೆಲ್ಲಬೇಕಾದರೆ ಗ್ಯಾಸ್ ದಟ್ಟವಾಗಬೇಕು, ಮೈನಸ್ 260 ಡಿಗ್ರಿ ಹತ್ತಿರ ತಣ್ಣಗಾಗಬೇಕು. ಧೂಳು ಬೇಕಾಗುವುದು ಇಲ್ಲೇ. ಅದು ಹೊರಗಿನ ನಕ್ಷತ್ರಗಳ ಬೆಳಕನ್ನು ತಡೆದು ಗ್ಯಾಸ್ ಬಿಸಿಯಾಗದಂತೆ ನೋಡಿಕೊಳ್ಳುತ್ತದೆ, ಅದರ ಮೈಮೇಲೆ ಹೈಡ್ರೋಜನ್ ಪರಮಾಣುಗಳು ಜೋಡಿಯಾಗಿ ಅಣುವಾಗುತ್ತವೆ. ಇಷ್ಟೆಲ್ಲ ಕೂಡಿಬಂದರೂ, ಹುಟ್ಟಿದ ದೊಡ್ಡ ನಕ್ಷತ್ರಗಳೇ ತಮ್ಮ ಬೆಳಕಿನಿಂದ ಉಳಿದ ಗ್ಯಾಸನ್ನು ಚದುರಿಸಿಬಿಡುತ್ತವೆ.

ಗ್ಯಾಲಕ್ಸಿಯ ಅಂಚಿನಲ್ಲಂತೂ ಗ್ಯಾಸ್ ಇನ್ನೂ ತೆಳು, ಧೂಳೂ ಕಡಿಮೆ. ಆದರೂ 2003ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ ನಾಸಾದ ಗ್ಯಾಲೆಕ್ಸ್ ದೂರದರ್ಶಕ ಎಂ83 ಅನ್ನೋ ಗ್ಯಾಲಕ್ಸಿಯನ್ನು ನೇರಳಾತೀತ ಬೆಳಕಿನಲ್ಲಿ ನೋಡಿದಾಗ, ಕೇಂದ್ರದಿಂದ 1,40,000 ಜ್ಯೋತಿರ್ವರ್ಷ ದೂರದವರೆಗೂ ಎಳೆಯ ನಕ್ಷತ್ರಗಳ ಗುಂಪುಗಳು ಕಂಡವು. ರೇಡಿಯೋ ದೂರದರ್ಶಕಗಳು ಹೈಡ್ರೋಜನ್ ತೋಳುಗಳನ್ನು ತೋರಿಸಿದ ಕಡೆಯಲ್ಲೇ ಅವೂ ಇದ್ದವು. ಅಂದರೆ ಸರಾಸರಿ ಎಷ್ಟೇ ತೆಳುವಾದರೂ ಅಲ್ಲಲ್ಲಿ ಗ್ಯಾಸ್ ಗಂಟು ಕಟ್ಟುತ್ತದೆ. ಆ ಗಂಟು ಹೇಗೆ ಕಟ್ಟಿತು ಅಂತ ಕೇಳಿ, ರಾತ್ರಿಯಿಡೀ ಕೂತು ಮಾತಾಡಲು ನಾನು ತಯಾರಿದ್ದೇನೆ.