ಕಷ್ಟ ಅಂದರೆ ಶಿಕ್ಷೆಯೇ?

ಹಾಸಿಗೆ ಹಿಡಿದವರ ಹತ್ತಿರ ಹೋಗಿ ‘ದೇವರು ನಿಮಗೆ ಪಾಠ ಕಲಿಸ್ತಿದ್ದಾರೆ’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಹಿಡಿದುಕೊಳ್ಳುವುದು ಬೈಬಲಿನಲ್ಲಿರುವ, ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯ: ದೇವರು ಪ್ರೀತಿಸುವವರನ್ನೇ ತಿದ್ದುತ್ತಾರೆ ಅನ್ನುವ ಮಾತು. ಆದರೆ ಆ ಪತ್ರ ಯಾರಿಗೆ ಹೋಯಿತು ನೋಡಿ. ನಂಬಿಕೆಗಾಗಿ ಅವಮಾನ ತಿಂದವರಿಗೆ, ಆಸ್ತಿ ಕಳೆದುಕೊಂಡವರಿಗೆ. ದೇವರು ನಿಮ್ಮನ್ನು ಕೈಬಿಟ್ಟಿಲ್ಲ, ಸ್ವಂತ ಮಕ್ಕಳಂತೆ ಬೆಳೆಸುತ್ತಿದ್ದಾರೆ ಎಂದು ಧೈರ್ಯ ಹೇಳಲು ಬರೆದದ್ದು ಅದು. ಆ ಹೊತ್ತಿಗೆ ಶಿಸ್ತು ನೋವೇ ಕೊಡುತ್ತದೆ ಎಂದು 11ನೇ ವಚನ ಮುಚ್ಚುಮರೆಯಿಲ್ಲದೆ ಒಪ್ಪುತ್ತದೆ. ಅದು ನನಗೆ ತುಂಬಾ ಇಷ್ಟ.

ಬೈಬಲಿನ ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪ ಎಂದು ಶಿಷ್ಯರು ಕೇಳುತ್ತಾರೆ. ಇವನದೂ ಅಲ್ಲ, ಹೆತ್ತವರದೂ ಅಲ್ಲ ಅಂದರು ಯೇಸು ಸ್ವಾಮಿ. ಯೇಸುವಿನ ಸಂದೇಶ ಸಾರಿದ ಪೌಲನಂಥ ಪೌಲನೇ ಮೈಯಲ್ಲಿ ಮುಳ್ಳಿನಂತೆ ನಾಟಿದ ಬಾಧೆಯನ್ನು ತೆಗೆಯಿರಿ ಎಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ಕೃಪೆ ಸಾಕು ಅನ್ನುವ ಉತ್ತರ ಬಂತು. ಅಷ್ಟನ್ನೇ ಹಿಡಿದು ಅವನು ನಡೆದ.

ಇನ್ನು ಬೈಬಲಿನಲ್ಲಿ ತಪ್ಪಿಲ್ಲದೆಯೇ ಎಲ್ಲ ಕಳೆದುಕೊಂಡು ನರಳಿದ ಯೋಬನ ಗೆಳೆಯರು. ಏಳು ದಿನ ಮಾತಿಲ್ಲದೆ ಸುಮ್ನೆ ಪಕ್ಕದಲ್ಲಿ ಕೂತಿದ್ದರು. ಬಾಯಿ ತೆರೆದು ‘ಇದು ನಿನ್ನ ಪಾಪದ ಫಲ’ ಅಂದ ಮೇಲೆಯೇ ಎಡವಟ್ಟಾಗಿದ್ದು, ಅಲ್ವಾ?