ಕೆಡದೆ ಇದ್ದ ಪಾರ್ಟು

ಎರಡು ವರ್ಷದ ಹಿಂದಿನ ಜುಲೈ ತಿಂಗಳಲ್ಲಿ, ಕೊಡಗಿನ ಸುಂಟಿಕೊಪ್ಪದ ಬಳಿಯ ಅಕ್ಕನ ಕಾಫಿ ತೋಟದ ಮನೆಯಲ್ಲಿ, ನಾಲ್ಕು ದಿನಗಳಿಂದ ಬಿಡದೆ ಹೊಯ್ಯುತ್ತಿದ್ದ ಮಳೆಯ ನಡುವೆ ನಾವು ಐದು ಮಂದಿ ‘2001: ಎ ಸ್ಪೇಸ್ ಒಡಿಸ್ಸಿ’ ನೋಡಲು ಕುಳಿತೆವು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗಳು ಗೆಳತಿಯಿಂದ ಪುಟ್ಟ ಪ್ರೊಜೆಕ್ಟರ್ ಕೇಳಿ ತಂದಿದ್ದಳು. ಭಾವನ ಬಿಳಿ ಪಂಚೆಯೇ ಪರದೆಯಾಯಿತು. ಕರೆಂಟು ಹಿಂದಿನ ದಿನವೇ ಹೋಗಿದ್ದರಿಂದ ಎಲ್ಲವೂ ಇನ್ವರ್ಟರ್ ಮೇಲೆ ನಡೆಯಬೇಕಿತ್ತು. ಚಿತ್ರವನ್ನು ಆರಿಸಿದವನು ನಾನು. ಆರ್ಥರ್ ಸಿ. ಕ್ಲಾರ್ಕ್ ಅವರ ಕಾದಂಬರಿಯನ್ನು ಕಾಲೇಜಿನ ದಿನಗಳಲ್ಲೇ ಓದಿದ್ದ ನನಗೆ, ಯಾರಿಗೂ ಅರ್ಥವಾಗದ ಚಿತ್ರವೆಂಬ ಅದರ ಕೀರ್ತಿ ಗೊತ್ತಿತ್ತು, ಅದನ್ನು ಮನೆಮಂದಿಗೆಲ್ಲ ಅರ್ಥ ಮಾಡಿಸಿಬಿಡುತ್ತೇನೆಂಬ ಹುಮ್ಮಸ್ಸೂ ಇತ್ತು.

ಮೊದಲ ಇಪ್ಪತ್ತೈದು ನಿಮಿಷ ಚಿತ್ರದಲ್ಲಿ ಒಂದೇ ಒಂದು ಮಾತಿಲ್ಲ. ಇಂಗ್ಲಿಷ್ ಬಾರದ ಅಮ್ಮನಿಗೆ ಅದೇ ಅನುಕೂಲವಾಯಿತು. ಬರಡು ನೆಲದಲ್ಲಿ ವಾನರರ ಹಿಂಡು ನೀರಿಗಾಗಿ ಕಿತ್ತಾಡುವುದು, ಒಂದು ಬೆಳಗ್ಗೆ ಎದುರಿಗೆ ಕರಿಯ ಚಪ್ಪಡಿಯೊಂದು ಬಂದು ನಿಂತಿರುವುದು, ಆಮೇಲೆ ಅವುಗಳಲ್ಲೊಂದು ಎಲುಬನ್ನು ಕೈಗೆತ್ತಿಕೊಂಡು ಬಡಿಯಲು ಕಲಿಯುವುದು ಎಲ್ಲವನ್ನೂ ಆಕೆ ಕಣ್ಣು ಕೀಳದೆ ನೋಡಿದರು. “ನಮ್ಮ ಬಾಳೆಗೊನೆ ಕೀಳುವ ಮಂಗಗಳಿಗೆ ಯಾರೂ ಇದನ್ನು ಕಲಿಸದಿದ್ದರೆ ಸಾಕು,” ಎಂದದ್ದು ಬಿಟ್ಟರೆ ಬೇರೆ ಮಾತಾಡಲಿಲ್ಲ. ಆಕಾಶಕ್ಕೆ ಎಸೆದ ಎಲುಬು ಕ್ಷಣಾರ್ಧದಲ್ಲಿ ಬಾಹ್ಯಾಕಾಶದ ನೌಕೆಯಾದಾಗ ನಾನು ಎದ್ದುನಿಂತು ಲಕ್ಷಾಂತರ ವರ್ಷಗಳ ವಿಕಾಸವನ್ನು ವಿವರಿಸತೊಡಗಿದೆ. “ಮಾವ, ಸ್ವಲ್ಪ ಪಕ್ಕಕ್ಕೆ ಬನ್ನಿ, ನಿಮ್ಮ ನೆರಳು ಬೀಳ್ತಿದೆ,” ಎಂದಳು ಅಕ್ಕನ ಮಗಳು.

ಭಾವನಿಗೆ ಮೊದಲಿನಿಂದಲೂ ಸಿಟ್ಟು. ನೌಕೆಯೊಂದು ನಿಲ್ದಾಣಕ್ಕೆ ಹೋಗಿ ಸೇರುವುದನ್ನು ವಾಲ್ಟ್ಸ್ ಸಂಗೀತದೊಂದಿಗೆ ಅಷ್ಟು ಹೊತ್ತು ತೋರಿಸುವ ಅಗತ್ಯವೇನು ಎಂಬುದು ಅವರ ವಾದ. ಅವರನ್ನು ಸಮಾಧಾನಪಡಿಸಲೆಂದು, ಮನುಷ್ಯ ಚಂದ್ರನ ಮೇಲೆ ಕಾಲಿಡುವ ಒಂದು ವರ್ಷ ಮೊದಲೇ, 1968ರ ಏಪ್ರಿಲ್‌ನಲ್ಲಿ ಈ ಚಿತ್ರ ತೆರೆಕಂಡಿತೆಂದೂ, ಮೊದಲ ಪ್ರದರ್ಶನಗಳಾದ ಮೇಲೆ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ತಾವೇ ಸುಮಾರು 19 ನಿಮಿಷಗಳಷ್ಟನ್ನು ಕತ್ತರಿಸಿ ತೆಗೆದರೆಂದೂ ಹೇಳಿದೆ. “ಕತ್ತರಿ ಕೆಳಗಿಡಲು ಅವಸರ ಮಾಡಿದ್ದಾನೆ,” ಎಂದರು ಭಾವ. ಅಕ್ಕ ಅಷ್ಟರಲ್ಲಿ ನಿದ್ದೆ ಹೋಗಿದ್ದಳು.

ಹ್ಯಾಲ್ ಎಂಬ ಕಂಪ್ಯೂಟರ್ ಬಂದ ಮೇಲೆ ಮಾತ್ರ ಭಾವ ಗೋಡೆಗೆ ಒರಗಿದ್ದ ಬೆನ್ನನ್ನು ನೆಟ್ಟಗೆ ಮಾಡಿದರು. ಕೆಂಪು ಕಣ್ಣು, ಏರಿಳಿತವಿಲ್ಲದ ಮೃದು ದನಿ. “ನಮ್ಮ ತೋಟದ ಲೆಕ್ಕ ಬರೆಯುತ್ತಿದ್ದ ಹಳೆಯ ರೈಟರು ಹೀಗೇ ಮಾತಾಡುತ್ತಿದ್ದುದು,” ಎಂದು ಒಮ್ಮೆ ನಕ್ಕರು. ಗಗನಯಾತ್ರಿಯೊಬ್ಬ ನೌಕೆಯ ಹೊರಗೆ ಸಾಯುವ ದೃಶ್ಯದಲ್ಲಿ ಚಿತ್ರ ಎಲ್ಲ ಸದ್ದನ್ನೂ ನಿಲ್ಲಿಸಿಬಿಡುತ್ತದೆ. ನಮಗೆ ಆ ಮೌನ ದಕ್ಕಲಿಲ್ಲ. ಹಿಂಬದಿಯ ಶೀಟಿನ ಮೇಲೆ ಮಳೆ ಬಡಿಯುತ್ತಲೇ ಇತ್ತು. ಕೊನೆಯ ಭಾಗದ ಬಣ್ಣಗಳ ಸುರಂಗ ಶುರುವಾದ ಸ್ವಲ್ಪ ಹೊತ್ತಿಗೆ ಇನ್ವರ್ಟರ್ ಕೂಗಿಕೊಂಡು ಆರಿಹೋಯಿತು.

ಕತ್ತಲಲ್ಲಿ ಜಗಳ ಹತ್ತಿತು. ಇದಕ್ಕಿಂತ ಒಳ್ಳೆಯ ಚಿತ್ರ ತಾನು ನೋಡಿಲ್ಲವೆಂದು ಹುಡುಗಿ, ಎರಡು ಗಂಟೆ ದಂಡವಾಯಿತೆಂದು ಅವಳ ಅಪ್ಪ. ನಾನು ನಡುವೆ ಬಾಯಿ ಹಾಕಿ, ಶನಿಗ್ರಹಕ್ಕೆ ಹೊರಟ ನೌಕೆಯ ಉದ್ದೇಶವನ್ನು ಬಿಡಿಸಿ ಹೇಳಲು ಹೋದೆ. “ಶನಿ ಪುಸ್ತಕದಲ್ಲಿ, ಮಾವ. ಸಿನಿಮಾದಲ್ಲಿ ಹೋಗುವುದು ಗುರುಗ್ರಹಕ್ಕೆ,” ಎಂದಳು ಅವಳು. ಅವಳು ಹೇಳಿದ್ದೇ ಸರಿ. ಎರಡು ಗಂಟೆ ನಾನು ಪರದೆಯನ್ನು ಬಿಟ್ಟು ನನ್ನ ನೆನಪಿನ ಪುಸ್ತಕವನ್ನು ನೋಡುತ್ತಿದ್ದೆ. ಉಳಿದದ್ದನ್ನು ಮೂರನೆಯ ದಿನ ಕರೆಂಟು ಬಂದಾಗ ಅವಳೂ ನಾನೂ ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಭಾವ ಬರಲಿಲ್ಲ.

ಮರುವರ್ಷದ ಫೆಬ್ರುವರಿ ಕೊನೆಯಲ್ಲಿ ನಾನು ಮತ್ತೆ ಅಲ್ಲಿಗೆ ಹೋದಾಗ, ಕಾಫಿಯ ಹೂ ಅರಳಿಸುವ ಹೂಮಳೆ ಬಂದಿರಲಿಲ್ಲ. ರೊಬಸ್ಟಾ ಕಾಫಿಗಿಡಗಳಿಗೆ ಕೆರೆಯಿಂದ ಸ್ಪ್ರಿಂಕ್ಲರ್ ನೀರು ಕೊಡುತ್ತಿದ್ದರು. ಮೊಗ್ಗು ಅರೆಬರೆ ನೆನೆದರೆ ಹೂ ಸರಿಯಾಗಿ ಅರಳುವುದಿಲ್ಲವಾದ್ದರಿಂದ, ಒಮ್ಮೆ ಶುರುಮಾಡಿದ ಮೇಲೆ ಎಂಜಿನ್ ನಡುವೆ ನಿಲ್ಲುವ ಹಾಗಿಲ್ಲ. ಆದರೆ ಎಂಜಿನ್ ಏದುಸಿರು ಬಿಡುತ್ತಿತ್ತು. ಪೇಟೆಯ ಮೆಕ್ಯಾನಿಕ್ ಒಬ್ಬ, ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಇನ್ನು ಎರಡು ದಿನವೂ ಬಾಳುವುದಿಲ್ಲ ಎಂದು ಹೇಳಿ ಹೋಗಿದ್ದ. ಭಾವ ಅದನ್ನು ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅದರಲ್ಲಿ ಯಾವ ದೋಷವೂ ಕಾಣಲಿಲ್ಲ.

“ಆ ಕಂಪ್ಯೂಟರ್ ಹೇಳಿದ ಪಾರ್ಟೂ ಕೆಟ್ಟಿರಲಿಲ್ಲ ಅಲ್ವಾ?” ಎಂದು ಕೇಳಿದರು, ತಲೆಯೆತ್ತದೆ.

ನಾನು ಬೆರಗಾದೆ. 72 ಗಂಟೆಯೊಳಗೆ ಆಂಟೆನಾದ ಒಂದು ಭಾಗ ಕೆಡುತ್ತದೆಂದು ಹ್ಯಾಲ್ ಹೇಳಿದ್ದು, ತಂದು ಪರೀಕ್ಷಿಸಿದರೆ ದೋಷವೇ ಕಾಣದಿದ್ದುದು, ಹಾಗಾದರೆ ಅದನ್ನೇ ಮತ್ತೆ ಕೂರಿಸಿ ಕೆಡಲು ಬಿಡೋಣ ಎಂದು ಹ್ಯಾಲೇ ಸೂಚಿಸಿದ್ದು ಎಲ್ಲವೂ ಅವರಿಗೆ ಅಕ್ಷರಶಃ ನೆನಪಿತ್ತು. ಮಾನವ ವಿಕಾಸವನ್ನು ವಿವರಿಸುವ ಭರದಲ್ಲಿ ನಾನು ಈ ರಿಪೇರಿಯ ಕತೆಯನ್ನು ಗಮನಿಸಿಯೇ ಇರಲಿಲ್ಲ. “ಯಾಕೆ ಹೊರಟಿದ್ದೇವೆ ಅಂತ ಅದಕ್ಕೊಂದಕ್ಕೇ ಹೇಳಿ, ಕೆಲಸದವರಿಗೆ ಹೇಳದೆ ಕಳಿಸಿದ್ದರಲ್ಲ. ಮುಚ್ಚಿಡುವ ಕೆಲಸ ಕೊಟ್ಟರೆ ರೈಟರ ಲೆಕ್ಕವೂ ತಪ್ಪುತ್ತೆ ಮಾರಾಯ,” ಎಂದು ಇಂಜೆಕ್ಟರನ್ನು ಮೊದಲಿದ್ದಲ್ಲಿಗೇ ಕೂರಿಸಿ ನಟ್ಟು ಬಿಗಿದರು. ಟ್ಯಾಂಕಿನಿಂದ ಬರುವ ಪೈಪಿನ ಸಂದಿನಲ್ಲಿ ಗಾಳಿ ಎಳೆಯುತ್ತಿದ್ದುದು ಆಮೇಲೆ ಸಿಕ್ಕಿತು. ಹಳೆಯ ವಾಷರ್ ಒಂದು ಸವೆದಿತ್ತು, ಅಷ್ಟೇ.

ಎಂಜಿನ್ ಹಿಡಿದುಕೊಂಡ ಮೇಲೆ ಬದುವಿನ ಮೇಲೆ ಕುಳಿತು, “ಕೊನೆಗೆ ಏನಾಯ್ತು?” ಎಂದರು.

ಈ ಸಲ ಪುಸ್ತಕದ ಮಾತು ತೆಗೆಯದೆ, ಕಂಡದ್ದನ್ನಷ್ಟೇ ಹೇಳಿದೆ: ಬದುಕುಳಿದ ಗಗನಯಾತ್ರಿ ಒಂದು ಬಿಳಿಯ ಕೋಣೆಗೆ ಹೋಗಿ ಸೇರುತ್ತಾನೆ, ಅಲ್ಲಿ ಮುದುಕನಾಗಿ ಒಬ್ಬನೇ ಊಟ ಮಾಡುತ್ತಾನೆ, ಗ್ಲಾಸು ಬಿದ್ದು ಒಡೆಯುತ್ತದೆ, ಹಾಸಿಗೆ ಹಿಡಿಯುತ್ತಾನೆ, ಎದುರಿಗೆ ಆ ಕರಿಯ ಚಪ್ಪಡಿ ನಿಂತಿರುತ್ತದೆ, ಹಾಸಿಗೆಯ ಮೇಲೆ ಅವನಿದ್ದಲ್ಲಿ ಬೆಳಕಿನೊಳಗೊಂದು ಮಗು ಕಾಣಿಸುತ್ತದೆ, ಆಮೇಲೆ ಆ ಮಗು ಭೂಮಿಯನ್ನು ನೋಡುತ್ತದೆ.

“ಅಷ್ಟೇನಾ?”

“ಅಷ್ಟೇ, ಭಾವ.”

ಅವರು ಸ್ವಲ್ಪ ಹೊತ್ತು ಗಿಡಗಳ ಮೇಲೆ ಸುತ್ತುತ್ತಿದ್ದ ನೀರನ್ನೇ ನೋಡುತ್ತಿದ್ದರು. “ಗ್ಲಾಸು ಹೇಗೆ ಬಿತ್ತು?” ಎಂದು ಕೇಳಿದರು.