ದಾರದ ತುದಿಯ ಉಂಗುರ

ದಾರದ ತುದಿಗೆ ಒಂದು ಉಂಗುರ ಕಟ್ಟಿ, ಮೊಣಕೈಯನ್ನು ಮೇಜಿನ ಮೇಲೆ ಊರಿ, ದಾರವನ್ನು ಎರಡು ಬೆರಳುಗಳ ನಡುವೆ ಹಗುರಾಗಿ ಹಿಡಿದು ಪ್ರಶ್ನೆ ಕೇಳಿದರೆ ಉಂಗುರ ಉತ್ತರಿಸುತ್ತದೆ ಎಂದು ನಾನು ಸುಮಾರು ಒಂದು ವರ್ಷ ಕಾಲ ನಂಬಿದ್ದೆ. ಉತ್ತರ ಹೌದಾದರೆ ಅದು ವೃತ್ತಾಕಾರವಾಗಿ ಸುತ್ತುತ್ತಿತ್ತು, ಇಲ್ಲವಾದರೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ನನ್ನ ಕೈ ಅಲುಗುತ್ತಿಲ್ಲ ಎಂಬುದರಲ್ಲಿ ನನಗೆ ಲವಲೇಶವೂ ಸಂಶಯವಿರಲಿಲ್ಲ; ಪಕ್ಕದಲ್ಲಿ ಕುಳಿತು ನೋಡುತ್ತಿದ್ದವರಿಗೂ ಕೈಯ ಚಲನೆ ಕಾಣಿಸುತ್ತಿರಲಿಲ್ಲ. ಇದರಿಂದ ನಾನು ಯಾರಿಂದಲೂ ಹಣ ಪಡೆದಿರಲಿಲ್ಲ, ಯಾರನ್ನೂ ವಂಚಿಸಿರಲಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಿಗೂಢ ವಿದ್ಯೆಗಳ ಕುರಿತ ನಮ್ಮ ಬಹುತೇಕ ಚರ್ಚೆಗಳು ಯಾರೋ ಮೋಸ ಮಾಡುತ್ತಿದ್ದಾರೆ ಎಂಬ ಆರೋಪದಿಂದ ಆರಂಭವಾಗಿ, ಅವರು ಪ್ರಾಮಾಣಿಕರು ಎಂಬ ಸಮರ್ಥನೆಯೊಂದಿಗೆ ಮುಗಿದುಹೋಗುತ್ತವೆ. ಪ್ರಾಮಾಣಿಕರೇ ತಪ್ಪಾಗಿದ್ದರೆ ಏನು ಎಂಬ ಪ್ರಶ್ನೆಯನ್ನು ಎರಡೂ ಪಕ್ಷದವರು ಕೇಳುವುದಿಲ್ಲ.

ನನ್ನ ನಂಬಿಕೆಯನ್ನು ಕೆಡಿಸಿದ್ದು ಒಬ್ಬ ಗೆಳೆಯ. ಒಂದೇ ಬಗೆಯ ಐದು ಮುಚ್ಚಿದ ಡಬ್ಬಿಗಳಲ್ಲಿ ಒಂದರೊಳಗೆ ನಾಣ್ಯವಿಟ್ಟು, ಉಂಗುರವನ್ನು ಕೇಳಿ ಹುಡುಕು ಎಂದ. ನಾಣ್ಯ ಎಲ್ಲಿದೆ ಎಂದು ನಾನು ನೋಡಿದ್ದಾಗ ಉಂಗುರ ಒಮ್ಮೆಯೂ ತಪ್ಪಲಿಲ್ಲ. ಆಮೇಲೆ ನನ್ನನ್ನು ಹೊರಗೆ ಕಳುಹಿಸಿ ನಾಣ್ಯವನ್ನು ಬದಲಿಸಿ, ನಾನು ಒಳಗೆ ಬರುವಷ್ಟರಲ್ಲಿ ತಾನೂ ಆಚೆ ಹೋಗುತ್ತಿದ್ದ. ಅವನ ಮುಖಭಾವದಿಂದ ನನಗೆ ಸುಳಿವು ಸಿಗಬಾರದೆಂಬುದು ಅವನ ಉದ್ದೇಶವಾಗಿತ್ತು. (ಲೆಕ್ಕ ಬಲ್ಲದೆಂದು ಹೆಸರಾಗಿದ್ದ ಬರ್ಲಿನ್ನಿನ ಕುದುರೆ ಹಾನ್ಸ್, ಪ್ರಶ್ನೆ ಕೇಳಿದವರ ತಲೆಯ ಅತಿ ಸಣ್ಣ ಚಲನೆಯನ್ನು ಗಮನಿಸಿ ಗೊರಸು ಬಡಿಯುವುದನ್ನು ನಿಲ್ಲಿಸುತ್ತಿತ್ತೆಂದು ಆಸ್ಕರ್ ಫುಂಗ್‌ಸ್ಟ್ 1907ರಲ್ಲಿ ತೋರಿಸಿದ್ದರು, ನನ್ನ ಗೆಳೆಯನಿಗೆ ಆ ಕಥೆ ಗೊತ್ತಿತ್ತು.) ಇಪ್ಪತ್ತು ಸಲ ಹುಡುಕಿದೆ. ಮೂರು ಸಲ ಸರಿಯಾಯಿತು. ಕಣ್ಣು ಮುಚ್ಚಿ ಬೆರಳಿಟ್ಟಿದ್ದರೂ ಸರಾಸರಿ ನಾಲ್ಕು ಸಲ ಸರಿಯಾಗಬೇಕಿತ್ತು. ಆಗ ನಾನು ಹೇಳಿದ ಮೊದಲ ಮಾತು ನನಗೆ ಈಗಲೂ ನೆನಪಿದೆ: "ಪರೀಕ್ಷಿಸುವ ಮನಸ್ಸಿನಿಂದ ಕೇಳಿದರೆ ಅದು ಹೇಳುವುದಿಲ್ಲ." ಆ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬಂತು, ಅದನ್ನು ನನಗೆ ಯಾರೂ ಕಲಿಸಿಕೊಟ್ಟಿರಲೂ ಇಲ್ಲ.

ಈ ಉಂಗುರದ ವಿಷಯವನ್ನು ನನಗಿಂತ ಬಹಳ ಹಿಂದೆಯೇ ಫ್ರಾನ್ಸಿನ ರಸಾಯನವಿಜ್ಞಾನಿ ಶೆವ್ರೆಲ್ ಬಗೆಹರಿಸಿದ್ದರು. 1833ರಲ್ಲಿ ಅವರು ಭೌತವಿಜ್ಞಾನಿ ಆಂಪೇರ್‌ಗೆ ಬಹಿರಂಗವಾಗಿ ಬರೆದ ಪತ್ರದಲ್ಲಿ ಆ ಪ್ರಯೋಗಗಳ ವಿವರವಿದೆ. ಪಾದರಸದ ಮೇಲೆ ಹಿಡಿದ ಲೋಲಕ, ಅಂದರೆ ದಾರಕ್ಕೆ ಕಟ್ಟಿದ ತೂಕ, ತಾನಾಗಿಯೇ ತೂಗುತ್ತಿತ್ತು. ನಡುವೆ ಗಾಜಿನ ಹಲಗೆಯನ್ನು ಇಟ್ಟರೆ ತೂಗಾಟ ಕುಗ್ಗುತ್ತಿತ್ತು. ನಮ್ಮಲ್ಲಿ ಹೆಚ್ಚಿನವರು ಇಲ್ಲಿಗೇ ನಿಂತು, ಪಾದರಸದಿಂದ ಏನೋ ಹೊಮ್ಮುತ್ತಿದೆ, ಗಾಜು ಅದನ್ನು ತಡೆಯುತ್ತಿದೆ ಎಂದು ಬರೆದುಬಿಡುತ್ತಿದ್ದರು, ಮತ್ತು ಅದನ್ನು ಪ್ರಯೋಗದಿಂದ ಸಾಬೀತಾದ ಸತ್ಯವೆಂದೂ ಕರೆಯುತ್ತಿದ್ದರು. ಶೆವ್ರೆಲ್ ನಿಲ್ಲಲಿಲ್ಲ. ತೋಳಿಗೆ ಆಧಾರ ಕೊಟ್ಟು ನೋಡಿದರು. ಆಧಾರ ಬೆರಳುಗಳಿಗೆ ಹತ್ತಿರವಾದಷ್ಟೂ ತೂಗಾಟ ಕಡಿಮೆಯಾಯಿತು. ಕೊನೆಗೆ ತಮ್ಮ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಗಾಜನ್ನು ತಮಗೆ ತಿಳಿಯದಂತೆ ಇಡುವ, ತೆಗೆಯುವ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಿದರು. ಆಗ ಗಾಜಿನಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಲೋಲಕವನ್ನು ಚಲಿಸುತ್ತಿದ್ದುದು ತಮ್ಮದೇ ಸ್ನಾಯುಗಳು, ಆ ಸ್ನಾಯುಗಳನ್ನು ನಡೆಸುತ್ತಿದ್ದುದು ತಮ್ಮದೇ ನಿರೀಕ್ಷೆ, ಅದು ತಮ್ಮ ಅರಿವಿಗೇ ಬಾರದೆ ನಡೆಯುತ್ತಿತ್ತು ಎಂಬುದು ಅವರು ಕಂಡುಕೊಂಡ ವಿಷಯ.

ಇಪ್ಪತ್ತು ವರ್ಷಗಳ ಬಳಿಕ, 1853ರಲ್ಲಿ, ಪ್ರೇತಗಳು ಮೇಜನ್ನು ತಿರುಗಿಸುತ್ತವೆ ಎಂಬ ನಂಬಿಕೆ ಯೂರೋಪಿನಾದ್ಯಂತ ಹಬ್ಬಿದ್ದಾಗ ಮೈಕೆಲ್ ಫ್ಯಾರಡೆ ಇದೇ ಪ್ರಶ್ನೆಯನ್ನು ಇನ್ನೂ ಚೆಲುವಾಗಿ ಕೇಳಿದರು. ಮೇಜಿಗೂ ಕೈಗಳಿಗೂ ನಡುವೆ ಮೆತ್ತನೆಯ ಅಂಟಿನಿಂದ ಜೋಡಿಸಿದ ರಟ್ಟಿನ ಪದರಗಳನ್ನು ಇಟ್ಟರು. ಮೇಜು ಕೈಯನ್ನು ಎಳೆಯುತ್ತಿದ್ದರೆ ಕೆಳಗಿನ ರಟ್ಟು ಮೊದಲು ಸರಿಯಬೇಕು, ಕೈ ಮೇಜನ್ನು ತಳ್ಳುತ್ತಿದ್ದರೆ ಮೇಲಿನದು. ಮೇಲಿನದೇ ಸರಿದಿತ್ತು. ಆಮೇಲೆ ಕೈಯ ಒತ್ತಡ ಎತ್ತ ಸಾಗುತ್ತಿದೆ ಎಂಬುದನ್ನು ಕೂತವರ ಕಣ್ಣೆದುರಿಗೇ ತೋರಿಸುವ ಸೂಚಕವೊಂದನ್ನು ಜೋಡಿಸಿದಾಗ ಮೇಜು ತಿರುಗುವುದೇ ನಿಂತುಹೋಯಿತು. ಮೇಜಿನ ಸುತ್ತ ಕೂತವರನ್ನು ಫ್ಯಾರಡೆ ಸುಳ್ಳುಗಾರರೆಂದು ಕರೆಯಲಿಲ್ಲ. ಅವರು ಪ್ರಾಮಾಣಿಕರೆಂಬುದೇ ಫ್ಯಾರಡೆಯ ಪ್ರಯೋಗದ ಆಧಾರವಾಗಿತ್ತು.

ಹಾಗೆಂದು ವಿಜ್ಞಾನಿಯಾಗಿರುವುದೇ ರಕ್ಷಾಕವಚ ಎಂದುಕೊಳ್ಳುವಂತಿಲ್ಲ. ಥ್ಯಾಲಿಯಂ ಧಾತುವನ್ನು 1861ರಲ್ಲಿ ಪತ್ತೆಹಚ್ಚಿದ ವಿಲಿಯಂ ಕ್ರೂಕ್ಸ್, ಹತ್ತು ವರ್ಷಗಳ ನಂತರ ಸತ್ತವರ ಆತ್ಮಗಳೊಂದಿಗೆ ಸಂಪರ್ಕವಿದೆ ಎನ್ನುತ್ತಿದ್ದ ಡೇನಿಯಲ್ ಹೋಮ್ ಎಂಬ ಪ್ರೇತಮಾಧ್ಯಮನನ್ನು ಪರೀಕ್ಷಿಸಿ ಹೊಸದೊಂದು ಶಕ್ತಿಯನ್ನೇ ಕಂಡೆನೆಂದು ವರದಿ ಮಾಡಿದರು. ನೈಸರ್ಗಿಕ ಆಯ್ಕೆಯ ಸಿದ್ಧಾಂತವನ್ನು ಡಾರ್ವಿನ್‌ಗೆ ಸಮಾನಾಂತರವಾಗಿ ರೂಪಿಸಿದ ವ್ಯಾಲೇಸ್ ಕೂಡ ಪ್ರೇತವಾದವನ್ನು ನಂಬಿದ್ದರು. 1979ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ ಇಬ್ಬರು ಎಳೆಯ ಜಾದೂಗಾರರನ್ನು ಅತೀಂದ್ರಿಯ ಶಕ್ತಿಯುಳ್ಳವರ ಸೋಗಿನಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರ ಅತೀಂದ್ರಿಯ ಪ್ರಯೋಗಾಲಯಕ್ಕೆ ಕಳುಹಿಸಿದಾಗ, ಅವರ ಕೈಚಳಕವನ್ನು ಸಂಶೋಧಕರು ಬಹುಕಾಲ ಗುರುತಿಸಲಿಲ್ಲ. ನಿಸರ್ಗ ಕಠಿಣವಾದ ಒಗಟುಗಳನ್ನು ಒಡ್ಡಬಹುದು, ಆದರೆ ಬೇಕೆಂದೇ ಮೋಸ ಮಾಡುವುದಿಲ್ಲ. ಅದರೊಡನೆ ಒಡನಾಡಿ ರೂಢಿಯಾದವರಿಗೆ ಮನುಷ್ಯರ ಮೋಸವನ್ನು ಪತ್ತೆಹಚ್ಚುವುದು ಕಷ್ಟ.

ಈ ಎಲ್ಲ ಪ್ರಸಂಗಗಳಲ್ಲಿ ನನ್ನನ್ನು ಅತ್ಯಂತ ಹೆಚ್ಚು ಕಾಡುವುದು ನಿಗೂಢ ವಿದ್ಯೆಗೆ ಸೇರದ ಒಂದು ಘಟನಾವಳಿ. ಮಾತು ಬಾರದ, ತೀವ್ರ ಆಟಿಸಂ ಇರುವವರ ಕೈಯನ್ನು ನೆರವಿನವರೊಬ್ಬರು ಹಿಡಿದು ಕೀಲಿಮಣೆಯ ಮೇಲೆ ಆಧಾರ ಕೊಟ್ಟರೆ ಅವರು ತಮ್ಮ ಮನಸ್ಸಿನ ಮಾತನ್ನು ಟೈಪ್ ಮಾಡಬಲ್ಲರು ಎಂಬ ವಿಧಾನ 1990ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ವೇಗವಾಗಿ ಹರಡಿತು. ವರ್ಷಗಟ್ಟಲೆ ಮಗುವಿನ ಒಂದು ಮಾತಿಗಾಗಿ ಕಾದಿದ್ದ ತಂದೆತಾಯಿಗಳು ಪರದೆಯ ಮೇಲೆ ವಾಕ್ಯಗಳನ್ನು, ಕವಿತೆಗಳನ್ನು ಓದಿದರು. ಆಮೇಲೆ ಯಾರೋ ಸರಳವಾದ ಒಂದು ಪರೀಕ್ಷೆ ಮಾಡಿದರು: ಮಗುವಿಗೆ ಒಂದು ಚಿತ್ರ, ನೆರವಿನವರಿಗೆ ಬೇರೊಂದು ಚಿತ್ರ ತೋರಿಸಿ, ನೋಡಿದ್ದರ ಹೆಸರನ್ನು ಟೈಪ್ ಮಾಡಲು ಹೇಳಿದರು. ಪರದೆಯ ಮೇಲೆ ಮೂಡಿದ್ದು ನೆರವಿನವರು ನೋಡಿದ ವಸ್ತುವಿನ ಹೆಸರು. ಆ ನೆರವಿನವರು ಬೂಟಾಟಿಕೆಯವರಾಗಿರಲಿಲ್ಲ. ಮಕ್ಕಳನ್ನು ನಿಜವಾಗಿಯೂ ಪ್ರೀತಿಸುತ್ತಿದ್ದವರು. ನನ್ನ ಉಂಗುರವನ್ನು ತೂಗಿದ್ದು ಯಾವುದೋ, ಆ ಮಕ್ಕಳ ಬೆರಳನ್ನು ನಡೆಸಿದ್ದೂ ಅದೇ. ಅಷ್ಟೇ ಅಲ್ಲ, ಆ ಕೀಲಿಮಣೆಗಳಿಂದ ತಂದೆತಾಯಿಗಳ ಮೇಲೆ ಲೈಂಗಿಕ ದೌರ್ಜನ್ಯದ ಆರೋಪಗಳೂ ಹೊರಟವು, ಕುಟುಂಬಗಳು ಅದರಿಂದ ಒಡೆದವು. ನಂಬಿದರೆ ಏನು ನಷ್ಟ ಎಂದು ಕೇಳುವವರಿಗೆ ನಾನು ಹೇಳುವ ಉದಾಹರಣೆ ಇದು. ಇನ್ನೊಂದು, ಬ್ರಿಟನ್ನಿನಿಂದ ಇರಾಕಿಗೆ ಮಾರಾಟವಾದ ಎಡಿಇ 651 ಎಂಬ ಬಾಂಬ್ ಪತ್ತೆಯಂತ್ರ. ಹಿಡಿಯೊಂದರ ಮೇಲೆ ಸಡಿಲವಾಗಿ ತಿರುಗುವ ಆಂಟೆನಾ ಬಿಟ್ಟರೆ ಅದರಲ್ಲಿ ಕೆಲಸ ಮಾಡುವ ಭಾಗವೇ ಇರಲಿಲ್ಲ. ಅದನ್ನು ತನಿಖಾ ಠಾಣೆಗಳಲ್ಲಿ ಹಿಡಿದು ನಿಂತ ಸೈನಿಕರು ನಂಬಿಕೆಯಿಂದಲೇ ಹಿಡಿದಿದ್ದರು. ಮಾರಿದವನಿಗೆ 2013ರಲ್ಲಿ ಹತ್ತು ವರ್ಷಗಳ ಸೆರೆವಾಸವಾಯಿತು.

ಹಾಗಾದರೆ ಅಧ್ಯಾತ್ಮವನ್ನೂ ಇದೇ ಮೂಟೆಗೆ ಕಟ್ಟಬೇಕೆ? ವಿಚಾರವಾದಿ ಮಿತ್ರರು ಹಾಗೆ ಕಟ್ಟುವುದನ್ನು ನೋಡಿದಾಗ ನನಗೆ ಇರುಸುಮುರುಸಾಗುತ್ತದೆ. ಫ್ಯಾರಡೆ ಸ್ಯಾಂಡೆಮೇನಿಯನ್ ಎಂಬ ಸಣ್ಣ ಕ್ರೈಸ್ತ ಪಂಥದ ನಿಷ್ಠಾವಂತ ಸದಸ್ಯರಾಗಿದ್ದರು, ಆ ಸಭೆಯ ಹಿರಿಯರಲ್ಲೊಬ್ಬರಾಗಿ ಸೇವೆ ಸಲ್ಲಿಸಿದವರು. ಮೌನವಾಗಿ ಕುಳಿತು ತನ್ನ ಉಸಿರನ್ನು ಗಮನಿಸುವವರು, ತನ್ನ ಸಿಟ್ಟು ಎಲ್ಲಿಂದ ಹುಟ್ಟುತ್ತದೆ ಎಂದು ಒಳಗೆ ನೋಡಿಕೊಳ್ಳುವವರು ಜಗತ್ತಿನ ಬಗ್ಗೆ ಯಾವ ಹೇಳಿಕೆಯನ್ನೂ ಕೊಡುತ್ತಿಲ್ಲ. ಅವರಿಗೆ ಸಿಕ್ಕ ಶಾಂತಿಯನ್ನು ಸುಳ್ಳೆನ್ನಲು ನನಗೆ ಹಕ್ಕಿಲ್ಲ. ಆದರೆ ಅದೇ ವ್ಯಕ್ತಿ, ಈ ಧ್ಯಾನದಿಂದ ಹೊಮ್ಮುವ ತರಂಗಗಳು ದೂರದ ರೋಗಿಯ ಗಡ್ಡೆಯನ್ನು ಕರಗಿಸುತ್ತವೆ ಎಂದ ಕ್ಷಣದಲ್ಲಿ ಡಬ್ಬಿ ಮತ್ತು ನಾಣ್ಯದ ಕೋಣೆಯೊಳಗೆ ಕಾಲಿಟ್ಟಿರುತ್ತಾರೆ. ಅಲ್ಲಿಂದ ಮುಂದೆ ಅನುಭವದ ಆಳವನ್ನು ಸಾಕ್ಷ್ಯವಾಗಿ ತರುವಂತಿಲ್ಲ. ಶಕ್ತಿ, ಕಂಪನ, ಕ್ವಾಂಟಂ ಎಂಬ ಪದಗಳನ್ನು ಭೌತಶಾಸ್ತ್ರದಿಂದ ಕಡ ತಂದವರು ಅವುಗಳೊಂದಿಗೆ ಬರುವ ಅಳತೆಗೋಲನ್ನೂ ತರಬೇಕು. ಎಷ್ಟು ಜೂಲ್ ಎಂದು ಕೇಳಿದರೆ ಮುನಿಸಿಕೊಳ್ಳಬಾರದು.

ಇದಕ್ಕೆ ಪ್ರತಿಯಾಗಿ ಬರುವ ಮಾತೊಂದಿದೆ: ಆಕಾಶದಿಂದ ಕಲ್ಲು ಬೀಳುತ್ತದೆ ಎಂದಾಗಲೂ ವಿದ್ವಾಂಸರು ನಕ್ಕಿದ್ದರು. ನಕ್ಕಿದ್ದು ನಿಜ, ಅದು ಅಹಂಕಾರವೇ ಸರಿ. ಆದರೆ 1794ರಲ್ಲಿ ಜರ್ಮನ್ ಭೌತವಿಜ್ಞಾನಿ ಕ್ಲಾಡ್ನಿ ಅದರ ಪರವಾಗಿ ಬರೆದರು, 1803ರಲ್ಲಿ ಫ್ರಾನ್ಸಿನ ಲೇಗ್ಲ್ ಪಟ್ಟಣದ ಸುತ್ತ ಸಾವಿರಾರು ಕಲ್ಲುಗಳು ಬಿದ್ದಾಗ ಭೌತವಿಜ್ಞಾನಿ ಬಿಯೋ ಅಲ್ಲಿಗೇ ಹೋಗಿ ಕಲ್ಲುಗಳನ್ನೂ ಸಾಕ್ಷಿಗಳನ್ನೂ ಪರಿಶೀಲಿಸಿ ವರದಿ ಕೊಟ್ಟರು. ಹತ್ತು ವರ್ಷಗಳೊಳಗೆ ವಿವಾದ ಬಹುಮಟ್ಟಿಗೆ ತಣ್ಣಗಾಯಿತು. ನಂಬದವರೂ ಆ ಕಲ್ಲನ್ನು ತೂಗಬಹುದಿತ್ತು. ಅತೀಂದ್ರಿಯ ಸಂಶೋಧನೆಗೆಂದೇ ಲಂಡನ್ನಿನಲ್ಲಿ ಸಂಘ ಸ್ಥಾಪನೆಯಾದದ್ದು 1882ರಲ್ಲಿ. ನಂಬದವರ ತಕ್ಕಡಿಯ ಮೇಲೂ ಕೂರುವಂಥ ಅಂಥದೊಂದು ಕಲ್ಲು ಅಲ್ಲಿಂದ ಇಂದಿನವರೆಗೆ ಸಿಕ್ಕಿಲ್ಲ.

ಆ ಉಂಗುರ ಮತ್ತು ದಾರ ಈಗಲೂ ನನ್ನ ಮೇಜಿನ ಖಾನೆಯಲ್ಲಿವೆ. ಇದನ್ನು ಬರೆಯುವ ಮುನ್ನ ಹೊರತೆಗೆದು ಹಿಡಿದೆ. ಸ್ನಾಯುಗಳ ಕಥೆಯೆಲ್ಲ ಗೊತ್ತಿದ್ದೂ, ಅಲುಗಬಾರದೆಂದು ಬೆರಳುಗಳನ್ನು ಬಿಗಿಹಿಡಿದರೂ, ಸುತ್ತು ಎಂದು ಮನಸ್ಸಿನಲ್ಲಿ ಅಂದುಕೊಂಡ ಸ್ವಲ್ಪ ಹೊತ್ತಿಗೆ ಅದು ಸುತ್ತತೊಡಗಿತು, ಮತ್ತು ನನ್ನ ಕೈ ಅಲುಗುತ್ತಿದೆ ಎಂದು ನನಗೆ ಆಗಲೂ ಅನ್ನಿಸಲಿಲ್ಲ.